ಉಣ್ಣೆ

ಗಾಡಿಯ ಹಲಗೆಗೆ ಬಿಳಿ ಬಣ್ಣದಲ್ಲಿ ಬರೆಸಿದ್ದೇವೆ:
ಷರಟು ಎಂಟು, ಸೀರೆ ನಲವತ್ತು,
ಉಣ್ಣೆ ಬಟ್ಟೆ ಹದಿನೈದು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ
ಸರಸ್ವತಿಪುರಂ ಸ್ವೆಟರುಗಳೆಲ್ಲ
ಬೀರು ಸೇರುವ ಮುಂಚೆ ನನ್ನ ಕೈಗೆ ಬರುತ್ತವೆ.
ಒದ್ದೆ ಪಂಚೆ ಹಾಸಿ, ಅದುಮದೆ,
ಮಲಗಿದ ಮಗುವಿನ ಬೆನ್ನು ಸವರಿದಂತೆ
ಆವಿಯಲ್ಲಿ ಸವರಬೇಕು ಅವನ್ನು.

ಆ ವಾರವೇ ಪದ್ಮಾಸನಿ ಮೇಡಂ
ಕೆಂಪು ಸ್ವೆಟರು ಹಿಡಿದು ವಾಪಸು ಬಂದದ್ದು,
ಎರಡೇ ಬೆರಳಲ್ಲಿ, ಸತ್ತ ಇಲಿಯ ಬಾಲ ಹಿಡಿದ ಹಾಗೆ.
"ಕೆಂಪಾಜಿ, ಇದೇನಮ್ಮಾ?"
ಕಾಲರಿನ ಒಳಗೆ ಹರಳುಬೀಜದಂಥದ್ದು,
ಎಂಟು ಕಾಲು, ಉಳಿದದ್ದೆಲ್ಲ ಹೊಟ್ಟೆ.
ಉಣ್ಣೆಯೊಳಗೆ ಉಣ್ಣೆ.
ನಗು ಬಂತು. ನಗಲಿಲ್ಲ.

ಗಾಡಿಯ ಕೆಳಗೆ, ಗೋಣಿಚೀಲದ ಮೇಲೆ
ಬೂದಿ ಮಲಗಿತ್ತು.
ಇದ್ದಿಲ ಬೂದಿ ಸುರಿಯುವ ಗುಂಡಿಯಲ್ಲಿ
ಮರಿಯಾಗಿ ಸಿಕ್ಕ ನಾಯಿ. ಬಣ್ಣವೂ ಅದೇ, ಹೆಸರೂ ಅದೇ.
ಮೇಡಂ ಅದನ್ನು ನೋಡಿದರು. ಆಮೇಲೆ ನನ್ನನ್ನು.
ಅವರ ಸೋಫಾದ ಮೇಲೂ ಒಂದಿದೆ, ಬಿಳಿ ಕೂದಲಿನದು.
ಬಟ್ಟೆಗಾದರೆ ಅಂಚಿನಲ್ಲಿ ಗುರುತು ಹಾಕುತ್ತೇವೆ,
ಎರಡು ಚುಕ್ಕೆ ಮೇಡಂ ಮನೆ, ಕತ್ತರಿ ಗೆರೆ ಮೇಷ್ಟರ ಮನೆ.
ಉಣ್ಣೆಗೆ ಯಾರು ಹಾಕಿರುತ್ತಾರೆ ಗುರುತು?

ರಾತ್ರಿ ಬೀದಿದೀಪದ ಕೆಳಗೆ ಅದನ್ನು ತೊಡೆಗೆ ಎಳಕೊಂಡೆ.
ಕಿವಿ ಮಗುಚಿದರೆ, ಅಯ್ಯೋ,
ಜೋಳದ ತೆನೆ ಸುಲಿದ ಹಾಗೆ ಸಾಲುಸಾಲು.
ಬೆರಳ ಸಂದಿ, ಬಾಲದ ಬುಡ, ಕೊರಳಪಟ್ಟಿಯ ಅಡಿ.
ದಿನಾ ತಲೆ ಸವರಿದ ಕೈ ಇದೇ.
ಹತ್ತಿಯಾವುದು ಟೆರಿಲಿನ್ ಯಾವುದು
ಕತ್ತಲಲ್ಲೂ ಹೇಳುವ ಕೈ.

ನಿಂಗರಾಜು ಸ್ಕೂಟರಿನಿಂದ ಲೋಟದಲ್ಲಿ
ಪೆಟ್ರೋಲು ಹಿಡಿದು ತಂದ. "ಹಚ್ಚು, ಸಾಯ್ತವೆ."
ಕೆಂಡದ ಪಕ್ಕಕ್ಕೆ ಪೆಟ್ರೋಲು ತರುವ ಬುದ್ಧಿವಂತ!
ಬೈದೆ, ಆದರೂ ಹಚ್ಚಿದೆ.
ಚರ್ಮ ಉರಿದು ನಾಯಿ ಕೂಗಿತು.
ಅವು ಅಲ್ಲೇ ಇದ್ದವು.

ಮೂರನೇ ದಿನ ಮುದ್ದೆ ಇಟ್ಟರೆ ಮೂಸಲಿಲ್ಲ.
ನಮ್ಮಜ್ಜಿ ಮುನಿಸಿಕೊಂಡಾಗ
ತಟ್ಟೆ ತಳ್ಳಿ ಅನ್ನುತ್ತಿದ್ದಳು: "ನಾನು ಉಣ್ಣೆ."
ಬಟ್ಟೆಗೂ ಹುಳಕ್ಕೂ ಒಲ್ಲೆನೆಂಬುದಕ್ಕೂ
ಒಂದೇ ಮಾತು ಇಟ್ಟವರು ಯಾರೋ,
ಅವರ ಬಾಗಿಲಲ್ಲೂ ನಾಯಿ ಇದ್ದಿರಬೇಕು.

ಪಶು ಆಸ್ಪತ್ರೆಯ ಮುಬೀನಾ ಡಾಕ್ಟರು
ತುಟಿ ಎತ್ತಿ ತೋರಿಸಿದರು.
ಒಗೆದು ಒಗೆದು ಬಣ್ಣ ಬಿಟ್ಟ ರವಿಕೆಯಂಥ ವಸಡು.
ಉಣ್ಣೆ ಜ್ವರ. ರಕ್ತ ಇಳಿದಿದೆ. ಇಪ್ಪತ್ತೆಂಟು ದಿನ ಗುಳಿಗೆ.
ತಿಂಗಳಿಗೊಮ್ಮೆ ಹನಿ, ಕತ್ತಿನ ಹಿಂದೆ,
ನಾಲಿಗೆಗೆ ಎಟುಕದ ಕಡೆ.
ಕೀಳುವುದಾದರೆ ಚಿಮಟದಲ್ಲಿ, ಬುಡ ಹಿಡಿದು, ನೆಟ್ಟಗೆ.
"ಉಗುರಲ್ಲಿ ಹಿಸುಕಬೇಡಿ. ಪೆಟ್ರೋಲು ಯಾರು ಹೇಳಿದ್ದು?"
ನಿಂಗರಾಜು ಗೋಡೆಯ ಹಸುವಿನ ಚಿತ್ರ ನೋಡುತ್ತಿದ್ದ.
"ಮೈಮೇಲೆ ಕಾಣೋದು ನಾಲ್ಕಾಣೆ ಭಾಗ ಅಮ್ಮಾ,
ಮಿಕ್ಕಿದ್ದು ಗೋಡೆ ಬಿರುಕಲ್ಲಿ, ಹಾಸಿಗೆಯಲ್ಲಿ ಕಾಯ್ತಿರುತ್ತೆ."

ಪರೀಕ್ಷೆ, ಗುಳಿಗೆ, ಹನಿ ಎಲ್ಲ ಸೇರಿ
ನೂರಿಪ್ಪತ್ತು ಷರಟು.

ಮನೆಗೆ ಬಂದವನೇ ಅವನು ಮಾತಾಡದೆ
ಕಾಂಪೌಂಡಿನ ಬಿರುಕಿಗೆಲ್ಲ ಸಿಮೆಂಟು ಮೆತ್ತಿದ.
ನಾನು ಗೋಣಿಚೀಲ ಕುದಿನೀರಲ್ಲಿ ಅದ್ದಿ,
ಬಿಸಿಲಿಗೆ ಹಾಕಿ, ಸಂಜೆ ಹಲಗೆಯ ಮೇಲೆ ಹಾಸಿದೆ.
ಪೆಟ್ಟಿಗೆ ತುಂಬ ಕೆಂಡ. ಹೊಲಿಗೆ ಹೊಲಿಗೆಗೂ ನಿಲ್ಲಿಸಿ ಒತ್ತಿದೆ.
ಉಣ್ಣೆಗೆ ಅದುಮದೆ ಸವರಿದವಳು
ಉಣ್ಣೆಗೆ ಮೈಭಾರವೆಲ್ಲ ಬಿಟ್ಟು ಅದುಮಿದೆ.
ಒಂದೆರಡು ಚಟ್ ಎಂದವು.
ಹಾದಿಯಲ್ಲಿ ಹೋಗುವವರು ನಿಂತು ನೋಡಿದರು,
ಗೋಣಿಗೂ ಇಸ್ತ್ರಿಯೇ?

ಮೇಡಂ ಈಗ ಬಟ್ಟೆ ಕೊಡುವುದಿಲ್ಲ.
ಮೂಲೆಯ ಹೊಸ ಅಂಗಡಿಗೆ ಹೋಗುತ್ತಾರೆ,
ಅಲ್ಲಿ ಕರೆಂಟಿನ ಪೆಟ್ಟಿಗೆ, ಕೆಳಗೆ ಯಾರೂ ಮಲಗುವುದಿಲ್ಲ.

ಹತ್ತೊಂಬತ್ತನೇ ಗುಳಿಗೆಯ ದಿನ
ಬೂದಿ ಮುದ್ದೆಗೆ ಬಾಲ ಅಲ್ಲಾಡಿಸಿತು.
ಚೀಲವನ್ನು ನಾಲ್ಕು ಮಡಿಕೆ ಮಾಡಿ, ಗೆರೆ ಹಿಡಿಸಿ,
ಮದುವೆ ಪಂಚೆಯಂತೆ ಗಾಡಿಯ ಕೆಳಗೆ ಇಟ್ಟೆ.
ಮೂಸಿತು. ಮೇಲೇರಿತು.
ಮೂರು ಸುತ್ತು ಸುತ್ತಿ, ಉಗುರಲ್ಲಿ ಕೆರೆದು,
ಮಡಿಕೆಯನ್ನೆಲ್ಲ ಕೆಡಿಸಿ
ಮಲಗಿತು.